ನಾನು ಬ್ಯಾಟು ಕೊಂಡ ಪ್ರಸಂಗ

ನನ್ನ ರಕ್ತದಲ್ಲಿ ಸಕ್ಕರೆಯ ಅಂಶ ಇರಬೇಕಾದುದಕ್ಕಿಂತ ತುಸು ಹೆಚ್ಚಾಗಿದೆ ಎಂದು ವೈದ್ಯರು ಹೇಳಿದ ದಿನ ನಾನು ಅಷ್ಟೇನೂ ಗಾಬರಿಗೊಳ್ಳಲಿಲ್ಲ. ನಲವತ್ತಾರು ತುಂಬಿದ ಕಾಲೇಜು ಅಧ್ಯಾಪಕನಿಗೆ ಅದು ಬಡ್ತಿ ಇದ್ದ ಹಾಗೆ. ಕೆಲವರಿಗೆ ಬೇಗ ಬರುತ್ತದೆ, ಕೆಲವರಿಗೆ ತಡವಾಗಿ ಬರುತ್ತದೆ, ಅಂತೂ ಬರುತ್ತದೆ. "ದಿನಾ ನಡೀರಿ" ಎಂದರು ವೈದ್ಯರು. ನಡೆದೆ. ಆದರೆ ಚಾಮರಾಜನಗರದಂಥ ಊರಿನಲ್ಲಿ ಬೆಳಗಿನ ಹೊತ್ತು ನಡೆಯುವವರೆಲ್ಲರೂ ಒಬ್ಬರಿಗೊಬ್ಬರು ಪರಿಚಿತರು. ಹತ್ತು ಹೆಜ್ಜೆಗೊಬ್ಬರು ಎದುರಾಗಿ, ಅವರ ವರ್ಗಾವಣೆ, ಮಗನ ಸೀಟು, ಸೊಸೆಯ ಸ್ವಭಾವ ಇವನ್ನೆಲ್ಲ ನಿಂತು ಕೇಳುವಷ್ಟರಲ್ಲಿ, ನಡೆದದ್ದಕ್ಕಿಂತ ನಿಂತದ್ದೇ ಹೆಚ್ಚಾಗುತ್ತಿತ್ತು. ಎರಡು ತಿಂಗಳ ಮೇಲೆ ಮತ್ತೆ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಇದ್ದಲ್ಲಿಯೇ ಇತ್ತು. ಊರಿನ ಸಮಾಚಾರ ಮಾತ್ರ ಬೇಕಾದಷ್ಟು ಸಂಗ್ರಹವಾಗಿತ್ತು.

ಆಗ ನಮ್ಮ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕರು, "ನೀವು ಹಿಂದೆ ಟೇಬಲ್ ಟೆನ್ನಿಸ್ ಆಡ್ತಿದ್ರಂತಲ್ಲ ಸಾರ್, ಸಾಯಂಕಾಲ ಬನ್ನಿ" ಎಂದು ಕರೆದರು. ಅವರಿಗೆ ಅದನ್ನು ಹೇಳಿದವನು ನಾನೇ. ಸ್ಟಾಫ್ ರೂಮಿನಲ್ಲಿ ಕುಳಿತು, ಎರಡು ಗಂಟೆಗಳ ನಡುವಿನ ಬಿಡುವಿನಲ್ಲಿ, ಕಳೆದ ಕಾಲದ ಪರಾಕ್ರಮವನ್ನು ಹೇಳಿಕೊಳ್ಳುವ ಚಟ ನನಗೆ ಸ್ವಲ್ಪ ಉಂಟು. ಸಾಕ್ಷಿಗಳು ಹತ್ತಿರ ಇಲ್ಲದಿದ್ದರೆ ಆ ಪರಾಕ್ರಮ ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ.

ಹೋದೆ. ಒಂದು ಸಭಾಂಗಣದ ಹಿಂಬದಿಯ ಕೋಣೆ, ನಡುವೆ ಮೇಜು, ಗೋಡೆಯ ಗೂಡಿನಲ್ಲಿ ನಾಲ್ಕು ಬ್ಯಾಟುಗಳು. ಒಂದನ್ನು ಎತ್ತಿಕೊಂಡೆ. ಅದರ ರಬ್ಬರು ಎರಡು ದಿನದ ಹಿಂದಿನ ರೊಟ್ಟಿಯಂತೆ ಬಿರುಸಾಗಿ ಅಂಚಿನಲ್ಲಿ ಇಲಿ ಕಡಿದಂತಿತ್ತು. ಎದುರಿಗೆ ನಿಂತವನು ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ತರುಣ, ಬಹಳ ವಿನಯವಂತ. ಆ ವಿನಯದಿಂದಲೇ ನನ್ನನ್ನು 11-3ರಲ್ಲಿ ಸೋಲಿಸಿ ಕೈ ಮುಂದೆ ಚಾಚಿದ. "ಇರಲಿ, ಇನ್ನೂ ಅರ್ಧ ಆಟ ಇದೆಯಲ್ಲ" ಎಂದೆ. ಕೋಣೆಯಲ್ಲಿದ್ದವರೆಲ್ಲ ಒಂದು ಕ್ಷಣ ಸುಮ್ಮನಾಗಿ, ಆಮೇಲೆ ನಕ್ಕರು.

ಕುಂಭಕರ್ಣನು ಎದ್ದಾಗ ಲಂಕೆಯಾದರೂ ಇದ್ದಲ್ಲಿತ್ತು. ನಾನು 2002ರಲ್ಲಿ ಬ್ಯಾಟು ಕೆಳಗಿಟ್ಟು ಈಗ ಕಣ್ಣು ಬಿಟ್ಟರೆ ಆಟವೇ ಬೇರೆಯಾಗಿತ್ತು. ನಮ್ಮ ಕಾಲದ ಚೆಂಡಿನ ವ್ಯಾಸ 38 ಮಿಲಿಮೀಟರು. 2000ದ ಅಕ್ಟೋಬರಿನಲ್ಲಿ ಅದನ್ನು 40 ಮಾಡಿದರು. 21 ಅಂಕಗಳ ಆಟವನ್ನು 2001ರ ಸೆಪ್ಟೆಂಬರಿನಲ್ಲಿ 11ಕ್ಕೆ ಇಳಿಸಿದರು. ಈ ಎರಡೂ ನಾನು ಆಡುತ್ತಿದ್ದಾಗಲೇ ಆದವಾದರೂ ನಮ್ಮ ಹಾಸ್ಟೆಲಿನ ಮೇಜಿನವರೆಗೆ ಬಂದಿರಲಿಲ್ಲ. ಅಲ್ಲಿ ಮಿಕ್ಕಿದ್ದ ಹಳೆಯ ಚೆಂಡು, ಹಳೆಯ ಲೆಕ್ಕವೇ ನಡೆಯುತ್ತಿತ್ತು. ಆಮೇಲಿನದೊಂದೂ ನನಗೆ ತಿಳಿಯದು. 2014ರಿಂದ ಚೆಂಡು ಸೆಲ್ಯುಲಾಯ್ಡಿನದಲ್ಲ, ಪ್ಲಾಸ್ಟಿಕ್ಕಿನದು. ಹಳೆಯ ಚೆಂಡಿಗೆ ಬೆಂಕಿ ತಗುಲಿದರೆ ಭುಗ್ಗೆಂದು ಉರಿಯುತ್ತಿತ್ತು. ಒಡೆದ ಚೆಂಡಿಗೆ ಕಡ್ಡಿ ಗೀರಿ ಹುಡುಗರು ದೀಪಾವಳಿ ಮಾಡುತ್ತಿದ್ದುದು ನೆನಪಿದೆ. ಬ್ಯಾಟಿನ ಒಂದು ಮಗ್ಗುಲು ಕಪ್ಪು, ಇನ್ನೊಂದು ಕೆಂಪು ಇರಬೇಕೆಂಬ ನಿಯಮವನ್ನು 2021ರಲ್ಲಿ ಸಡಿಲಿಸಿ, ಕಪ್ಪು ಒಂದು ಕಡೆ ಇದ್ದರೆ ಇನ್ನೊಂದು ಕಡೆ ಗುಲಾಬಿಯೋ ನೀಲಿಯೋ ಹಸಿರೋ ಇರಬಹುದೆಂದು ಮಾಡಿದ್ದಾರಂತೆ. ಮೇಜು ಮಾತ್ರ ನನ್ನ ಪಾಲಿಗೆ ಹಳೆಯ ನೆಂಟನಂತೆ ಉಳಿದಿತ್ತು. 2.74 ಮೀಟರು ಉದ್ದ, 1.525 ಮೀಟರು ಅಗಲ, 76 ಸೆಂಟಿಮೀಟರು ಎತ್ತರ, ನಡುವೆ 15.25 ಸೆಂಟಿಮೀಟರಿನ ಬಲೆ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಬ್ಯಾಟು ಡೊಂಕು ಎಂದೆ. ಸ್ವಂತದ್ದೊಂದು ಬ್ಯಾಟಿದ್ದರೆ ಈ ಹುಡುಗನನ್ನು ನೋಡಿಕೊಳ್ಳುತ್ತಿದ್ದೆ ಎಂದು ದಾರಿಯುದ್ದಕ್ಕೂ ಅಂದುಕೊಂಡು ಮನೆಗೆ ಬಂದೆ.

ನನ್ನ ಮೊದಲ ಬ್ಯಾಟಿನ ಕತೆಯನ್ನು ಬೇಗ ಹೇಳಿ ಮುಗಿಸುತ್ತೇನೆ, ಅದರಲ್ಲಿ ನನಗೆ ಹೆಮ್ಮೆಪಡುವಂಥದ್ದೇನೂ ಇಲ್ಲ. ನಮ್ಮ ಕಾಲೇಜಿನ ತಂಡದಲ್ಲಿ ಆಡುವ ಒಬ್ಬ ವಿದ್ಯಾರ್ಥಿಯನ್ನು ವಿಚಾರಿಸಿದೆ. ಅವನು ಫೋನಿನಲ್ಲಿ ಚೀನಾ ಜಪಾನುಗಳ ವೀರರನ್ನು ತೋರಿಸಿ, "ಕಾರ್ಬನ್ ಬ್ಲೇಡ್ ತಗೊಳ್ಳಿ ಸಾರ್, ಅಟ್ಯಾಕಿಂಗ್‌ಗೆ ಅದೇ ಸರಿ" ಎಂದ. ಬ್ಯಾಟಿನ ಮರದ ಭಾಗಕ್ಕೆ ಬ್ಲೇಡು ಎನ್ನುತ್ತಾರೆ. ನನ್ನ ಪಾಠಕ್ಕೂ ಹುಡುಗರು ಬೆನ್ನ ಹಿಂದೆ ಅದೇ ಹೆಸರನ್ನು ಬಳಸುತ್ತಾರೆಂದು ನನಗೆ ಗೊತ್ತಿರುವುದರಿಂದ, ಅವನ ಮುಖ ನೋಡಿದೆ. ಅವನಲ್ಲಿ ಕುಚೋದ್ಯವೇನೂ ಕಾಣಲಿಲ್ಲ. ಈ ಬ್ಲೇಡಿನಲ್ಲಿ ತೆಳುವಾದ ಮರದ ಪದರಗಳನ್ನು ಒಂದರ ಮೇಲೊಂದು ಅಂಟಿಸಿರುತ್ತಾರೆ, ಸಾಮಾನ್ಯವಾಗಿ ಐದು ಅಥವಾ ಏಳು. ದಪ್ಪದಲ್ಲಿ ನೂರಕ್ಕೆ 85 ಪಾಲಾದರೂ ನಿಜವಾದ ಮರವಿರಬೇಕೆಂದು ಕಾನೂನು. ಮಿಕ್ಕ ಜಾಗದಲ್ಲಿ ಕಾರ್ಬನ್ನಿನ ನೂಲು ಸೇರಿಸಿದರೆ ಬ್ಯಾಟು ಬಿಗಿಯಾಗಿ ಚೆಂಡು ರಭಸದಿಂದ ಹೊರಡುತ್ತದೆ. ಅದಕ್ಕೆ ಎರಡೂ ಕಡೆ ದಪ್ಪ ಸ್ಪಂಜಿನ ನುಣುಪು ರಬ್ಬರು. ಮನೆಯಲ್ಲಿ ಕುಳಿತೇ ಫೋನಿನಲ್ಲಿ ಹಣ ಕಟ್ಟಿ ತರಿಸಿದೆ. ನನ್ನಾಕೆ ಬೆಲೆ ಕೇಳಿದಾಗ ಅರ್ಧ ಹೇಳಿದೆ.

ಆ ಬ್ಯಾಟಿನಲ್ಲಿ ನಾನು ಚೆಂಡನ್ನು ಮುಟ್ಟಿದರೆ ಸಾಕು, ಅದು ಎದುರಿನ ಮೇಜನ್ನು ದಾಟಿ, ಆಟಗಾರನನ್ನು ದಾಟಿ, ಗೋಡೆಗೆ ಬಡಿಯುತ್ತಿತ್ತು. ಬ್ಯಾಂಕಿನ ತರುಣನು ಒಂದು ವಾರ ಆಡಿದ್ದಕ್ಕಿಂತ ಚೆಂಡು ಹೆಕ್ಕಿದ್ದೇ ಹೆಚ್ಚು. "ನಿಮ್ಮ ಬ್ಯಾಟ್ ತುಂಬಾ ಚೆನ್ನಾಗಿದೆ ಸಾರ್" ಎಂದು ಅವನು ಹೇಳಿದ ರೀತಿಯಿಂದಲೇ ನನಗೆ ವಿಷಯ ತಿಳಿಯಿತು. ಅವನ ತಿರುಗುವ ಸರ್ವೀಸು ನನ್ನ ಜಿಗುಟು ರಬ್ಬರನ್ನು ಕಚ್ಚಿ, ಒಮ್ಮೆ ಛಾವಣಿಗೆ, ಒಮ್ಮೆ ಬಲೆಗೆ ಹೋಗುತ್ತಿತ್ತು. ಆ ಬ್ಯಾಟು ಯಾವನೋ ಇಪ್ಪತ್ತೊಂದು ವರ್ಷದವನಿಗಾಗಿ ಮಾಡಿದ್ದು. ನಾನು ಅದನ್ನು ಕೊಂಡದ್ದೂ ಅಂಥ ಒಬ್ಬನಿಗಾಗಿಯೇ. ಆ ಹುಡುಗ ಈಗಲೂ ನನ್ನ ಮೈಯೊಳಗೆ ಎಲ್ಲೋ ಇದ್ದಾನೆಂದು ನಂಬಿದ್ದೆ. ಮಂಡಿಯ ನೋವು ಬೇರೆಯೇ ಹೇಳುತ್ತಿತ್ತು.

ಕೊನೆಗೆ, ಮೌಲ್ಯಮಾಪನದ ಕೆಲಸಕ್ಕೆ ಮೈಸೂರಿಗೆ ಹೋಗಿದ್ದಾಗ, ಆಟದ ಸಾಮಾನು ಮಾರುವ ಒಂದು ಹಳೆಯ ಅಂಗಡಿಗೆ ಹೊಕ್ಕೆ. ಅಂಗಡಿಯಾತ ನನಗಿಂತ ಹಿರಿಯರು. ನನ್ನ ಕಾರ್ಬನ್ ಬ್ಯಾಟನ್ನು ತಿರುಗಿಸಿ ನೋಡಿ, ಒಳ್ಳೆಯದೆಂದೂ ಹೇಳಲಿಲ್ಲ, ಕೆಟ್ಟದೆಂದೂ ಹೇಳಲಿಲ್ಲ, ಪಕ್ಕಕ್ಕಿಟ್ಟರು. "ಎಷ್ಟು ವರ್ಷ ಆಯ್ತು ಆಟ ಬಿಟ್ಟು?" ಎಂದರು. ಹೇಳಿದೆ. "ಆಗ ಯಾವ ಬ್ಯಾಟಲ್ಲಿ ಆಡ್ತಿದ್ರಿ? ಅದಕ್ಕೆ ಹತ್ತಿರವಾದ್ದು ಕೊಡ್ತೀನಿ. ಕೈ ಮರೆತಿರೋದಿಲ್ಲ, ಮೊದಲು ಏನು ಕಲಿತಿರುತ್ತೋ ಅದನ್ನೇ ಹುಡುಕುತ್ತೆ."

ಸರಳವಾದ ಪ್ರಶ್ನೆ. ನನಗೆ ತಟ್ಟನೆ ಉತ್ತರ ಹೊರಡಲಿಲ್ಲ. "ಮರೆತುಹೋಗಿದೆ" ಎಂದೆ. ಸುಳ್ಳು; ಚೆನ್ನಾಗಿ ನೆನಪಿತ್ತು.

ನಾನು ಆಟ ಕಲಿತದ್ದು ಗುಂಡ್ಲುಪೇಟೆಯಲ್ಲಿ, 1995ರಿಂದ 2000ದ ನಡುವೆ. ನಾನು ಅಲ್ಲಿ ಕಾಲೇಜಿಗೆ ಸೇರಿದಾಗ ಅದು ಮೈಸೂರು ಜಿಲ್ಲೆಯ ತಾಲ್ಲೂಕು. ಚಾಮರಾಜನಗರ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಊಟಿಗೂ ವಯನಾಡಿಗೂ ಹೋಗುವ ಲಾರಿಗಳು ರಾತ್ರಿಯೆಲ್ಲ ಊರನ್ನು ಸೀಳಿಕೊಂಡು ಹೋಗುತ್ತಿದ್ದುವು. ಪೇಟೆಯ ಒಳಗೆ, ಹೆಂಚಿನ ಮಾಡಿನ ಒಂದು ಹಳೆಯ ಕೊಠಡಿಯಲ್ಲಿ ಊರಿನ ಬಡಗಿಯೇ ಮಾಡಿದ ಮೇಜೊಂದಿತ್ತು. ಒಳ್ಳೆಯ ಮೇಜಿನ ಮೇಲೆ 30 ಸೆಂಟಿಮೀಟರು ಎತ್ತರದಿಂದ ಚೆಂಡು ಬಿಟ್ಟರೆ ಸುಮಾರು 23 ಸೆಂಟಿಮೀಟರು ಪುಟಿಯಬೇಕು, ಎಲ್ಲ ಕಡೆಯೂ ಒಂದೇ ಸಮ. ನಮ್ಮ ಮೇಜಿನ ಒಂದು ಮೂಲೆಯಲ್ಲಿ ಚೆಂಡು ಬಿದ್ದರೆ ಮಣ್ಣಿಗೆ ಬಿದ್ದ ಹುಣಸೆಹಣ್ಣಿನಂತೆ ಅಲ್ಲಿಯೇ ಕೂಡುತ್ತಿತ್ತು. ಅದನ್ನು ನಾವು 'ಸತ್ತ ಜಾಗ' ಎನ್ನುತ್ತಿದ್ದೆವು. ಆ ಜಾಗದ ಮೇಲೆ ಚೆಂಡನ್ನು ಬೇಕೆಂದಾಗ ಇಡಬಲ್ಲವರು ಒಬ್ಬರೇ ಇದ್ದರು. ಅವರೇ ನಮ್ಮ ಡ್ರಿಲ್ ಮೇಷ್ಟ್ರು.

ಮೇಷ್ಟ್ರಿಗೆ ಆಗ ಐವತ್ತರ ಹತ್ತಿರ. ಪಂಚೆ ಉಟ್ಟು, ಅದನ್ನು ಮೇಲೆ ಕಟ್ಟಿ, ಬರಿಗಾಲಲ್ಲಿ ಆಡುತ್ತಿದ್ದರು. ಮೇಜಿನಿಂದ ಮೂರು ಹೆಜ್ಜೆ ಹಿಂದೆ ನಿಂತು, ನಾವು ಎಷ್ಟು ಬಿರುಸಾಗಿ ಹೊಡೆದರೂ, ಬ್ಯಾಟನ್ನು ಮೇಲಿನಿಂದ ಕೆಳಕ್ಕೆ, ಹಲಸಿನ ಹಣ್ಣನ್ನು ಸೀಳಿದ ಹಾಗೆ ನಿಧಾನವಾಗಿ ಎಳೆದು, ಚೆಂಡನ್ನು ತಿರುಗಿ ಕಳಿಸುತ್ತಿದ್ದರು. ಅದು ತೇಲಿಕೊಂಡು ಬಂದು, ಬಿದ್ದು, ತಗ್ಗಿ, ನಮ್ಮ ಬ್ಯಾಟಿಗೆ ತಗುಲಿ ಬಲೆಗೆ ಹೋಗುತ್ತಿತ್ತು. ಹತ್ತು ಸಲ ಹೊಡೆದು ಹನ್ನೊಂದನೆಯದಕ್ಕೆ ನಾವೇ ತಪ್ಪುತ್ತಿದ್ದೆವು. ಅವರ ಬ್ಯಾಟು ನಾವು ಅಂಗಡಿಯಲ್ಲಿ ನೋಡಿದಂಥದಲ್ಲ. ಸ್ಪಂಜೇ ಇಲ್ಲ, ಮರದ ಮೇಲೆ ನೇರವಾಗಿ ಅಂಟಿಸಿದ, ಸಣ್ಣ ಸಣ್ಣ ಗುಳ್ಳೆಗಳು ಮೇಲೆದ್ದ ತೆಳು ರಬ್ಬರು, ಎರಡೂ ಕಡೆ ಒಂದೇ ಬಣ್ಣ. ಇಂಗ್ಲಿಷಿನಲ್ಲಿ ಅದನ್ನು ಪಿಂಪಲ್ ಎನ್ನುವುದರಿಂದ, ಆ ವಯಸ್ಸಿನ ನಮಗೆ ಅದೊಂದು ದೊಡ್ಡ ಹಾಸ್ಯ. ಮೇಷ್ಟ್ರ ಬ್ಯಾಟಿಗೂ ಮೊಡವೆ, ನಮ್ಮ ಮುಖಕ್ಕೂ ಮೊಡವೆ.

"ಚೆಂಡ ನೋಡಿದ್ರೆ ಸಾಲದು ಕನಪ್ಪ, ಕೇಳಬೇಕು" ಎನ್ನುತ್ತಿದ್ದರು. ಎದುರಾಳಿಯ ಬ್ಯಾಟಿನ ಸದ್ದಿನಲ್ಲೇ ಅವನು ಎಷ್ಟು ಬಲವಾಗಿ ಹೊಡೆದನೆಂಬುದು ತಿಳಿಯುತ್ತದೆ ಎಂದು ಅವರ ಸಿದ್ಧಾಂತ. ಅದಕ್ಕೆ ಅವರು 1952ರ ಮುಂಬಯಿಯ ಕತೆಯನ್ನು ಹೇಳುತ್ತಿದ್ದರು. ಆ ವರ್ಷ ವಿಶ್ವ ಚಾಂಪಿಯನ್‌ಷಿಪ್ ಮುಂಬಯಿಯಲ್ಲಿ ನಡೆಯಿತು. ಏಷ್ಯಾದಲ್ಲಿ ನಡೆದುದು ಅದೇ ಮೊದಲು. ಜಪಾನಿನಿಂದ ಬಂದ ಹಿರೋಜಿ ಸಾಟೋ ಎಂಬಾತನು ದಪ್ಪ ಸ್ಪಂಜಿನ ಬ್ಯಾಟು ಹಿಡಿದು ಬಂದ. ಅದುವರೆಗೆ ಎಲ್ಲರ ಬ್ಯಾಟೂ ಗುಳ್ಳೆ ರಬ್ಬರಿನದು, ಹೊಡೆದರೆ ಟಕ್ ಎನ್ನುವಂಥದು. ಇವನದು ಸದ್ದನ್ನೇ ಮಾಡದು. ಯೂರೋಪಿನ ಘಟಾನುಘಟಿಗಳು ಕಿವಿ ಕಳೆದುಕೊಂಡವರಂತಾಗಿ ಒಬ್ಬೊಬ್ಬರೇ ಸೋತರು. ಸಾಟೋ ಚಾಂಪಿಯನ್ ಆದ. ಮುಂದೆ ಏಳು ವರ್ಷ ಸ್ಪಂಜಿನ ಗಲಾಟೆ ನಡೆದು, 1959ರಲ್ಲಿ ಅದರ ದಪ್ಪಕ್ಕೆ ಮಿತಿ ಹಾಕಿದರು. ಈಗ ಸ್ಪಂಜು, ರಬ್ಬರು, ಅಂಟು ಎಲ್ಲ ಸೇರಿ ಒಂದು ಮಗ್ಗುಲಿಗೆ 4 ಮಿಲಿಮೀಟರು ಮೀರುವಂತಿಲ್ಲ. "ಅವತ್ತಿಂದ ಈ ಆಟ ಮೂಗಾಯ್ತು" ಎಂದು ಮೇಷ್ಟ್ರು ಈ ಕತೆಯನ್ನು ಮುಗಿಸುತ್ತಿದ್ದರು, ತಮ್ಮ ಮನೆಯಲ್ಲೇ ಏನೋ ಕಳವಾದವರಂತೆ.

ನನಗೆ ಎಂ.ಎ. ಸೀಟು ಸಿಕ್ಕಿ ಮಾನಸಗಂಗೋತ್ರಿಗೆ ಹೊರಟಾಗ ಮೇಷ್ಟ್ರು ಬಸ್ ನಿಲ್ದಾಣಕ್ಕೆ ಬಂದರು. ಹಳೆಯ ಟವೆಲಿನಲ್ಲಿ ಸುತ್ತಿದ ಆ ಬ್ಯಾಟನ್ನು ಕಿಟಕಿಯಿಂದ ಕೊಟ್ಟು, "ಇಟ್ಕೊ. ನಂಗೆ ಇನ್ನೊಂದದೆ" ಎಂದರು. ಇನ್ನೊಂದು ಇರಲಿಲ್ಲ, ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ತೆಗೆದುಕೊಂಡೆ.

ಹಾಸ್ಟೆಲಿನಲ್ಲಿ ಅದನ್ನು ಹೊರಗೆ ತೆಗೆದ ಮೊದಲ ದಿನವೇ ನಗೆಯಾಯಿತು. "ದೋಸೆ ಮಗುಚೋದಕ್ಕೆ ತಂದಿದೀಯಾ?" ಎಂದ ಒಬ್ಬ. ಇನ್ನೊಬ್ಬ ನಿಯಮ ಬಲ್ಲವನು, "ಎರಡೂ ಕಡೆ ಒಂದೇ ಬಣ್ಣ, ಟೂರ್ನಮೆಂಟಿಗೆ ನಡೆಯೋದಿಲ್ಲ" ಎಂದ. ಅವನು ಹೇಳಿದ್ದು ಸರಿ. 1986ರಿಂದ ಎರಡು ಬಣ್ಣ ಕಡ್ಡಾಯವಾಗಿತ್ತು. ಬಹುಕಾಲ ನಾನು ಆ ನಿಯಮವನ್ನೇ ನನ್ನ ಪರವಾಗಿ ಸಾಕ್ಷಿ ಹೇಳಿಸಿಕೊಂಡಿದ್ದೇನೆ. ಆದರೆ ನಾನು ಅದನ್ನು ಬಿಟ್ಟದ್ದು ನಿಯಮಕ್ಕಾಗಿ ಅಲ್ಲ, ಆ ನಗೆಗಾಗಿ. ಕಂತಿನಲ್ಲಿ ಒಂದು ಸ್ಪಂಜಿನ ಬ್ಯಾಟು ಕೊಂಡು, ಮೇಷ್ಟ್ರದನ್ನು ಹಾಸ್ಟೆಲಿನ ಕಾಮನ್ ರೂಮಿನ ಗೂಡಿಗೆ ಹಾಕಿದೆ. ಹುಡುಗರು ಅದನ್ನು ಹಿಡಿದು ವರಾಂಡದಲ್ಲಿ ಕ್ರಿಕೆಟ್ ಆಡಿದರು. ಹದಿನೈದು ದಿನದಲ್ಲಿ ಅದರ ಹಿಡಿ ಮುರಿಯಿತು. ಕಸದ ಡಬ್ಬದಲ್ಲಿ ಅದನ್ನು ನೋಡಿದೆ. ಟವೆಲು ಮಾತ್ರ ನನ್ನ ಹತ್ತಿರ ಬಹಳ ದಿನ ಇತ್ತು.

ದಸರೆಯ ರಜಕ್ಕೆ ಊರಿಗೆ ಹೋದಾಗ ಮೇಷ್ಟ್ರು ಕೇಳಿದರು. ನಂಜನಗೂಡಿನಲ್ಲಿ ಬಸ್ಸು ನಿಂತಾಗ ಕಾಫಿಗೆ ಇಳಿದಿದ್ದೆ, ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಮರೆತು ಬಂದೆ ಎಂದೆ. "ಹೋಗ್ಲಿ ಬಿಡು" ಎಂದರು. ಆಮೇಲೆ ನಾನು ಆ ಕೊಠಡಿಯ ಕಡೆ ಹೋಗುವುದನ್ನು ಕಡಮೆ ಮಾಡಿದೆ. 2002ರಲ್ಲಿ ಎಂ.ಎ. ಮುಗಿಯಿತು. ಕೆಲಸ, ಮದುವೆ, ಮನೆಸಾಲ. ಆಟ ಬಿಟ್ಟುಹೋಯಿತು ಎಂದು ಎಲ್ಲರೂ ಹೇಳುವಂತೆ ನಾನೂ ಹೇಳುತ್ತ ಬಂದೆ.

ಇಷ್ಟೂ ನನಗೆ ನೆನಪಾದದ್ದು ಮೈಸೂರಿನ ಆ ಅಂಗಡಿಯ ಮುಂಗಟ್ಟೆಯ ಎದುರು ನಿಂತಿರುವಾಗ. ಅಂಗಡಿಯಾತ ನನ್ನ ಉತ್ತರಕ್ಕಾಗಿ ಕಾಯುತ್ತಲೇ ಇದ್ದರು. "ಗುಳ್ಳೆ ರಬ್ಬರು" ಎಂದೆ, ಕೊನೆಗೆ.

ಅವರ ಮುಖ ಅರಳಿತು. ಈಗ ಅದಕ್ಕೆ ಮತ್ತೆ ಮರ್ಯಾದೆ ಬಂದಿದೆ ಎಂದರು. ಗಿಡ್ಡ ಗುಳ್ಳೆ, ಉದ್ದ ಗುಳ್ಳೆ ಎಂದು ಎರಡು ಜಾತಿ. ಉದ್ದ ಗುಳ್ಳೆ ಎದುರಾಳಿಯ ಸ್ಪಿನ್ನನ್ನು ಅವನಿಗೇ ತಿರುಗಿ ಕೊಡುತ್ತದೆ, ಸಾಲ ಮರಳಿಸಿದ ಹಾಗೆ. 2018ರಲ್ಲಿ ಗೋಲ್ಡ್ ಕೋಸ್ಟಿನ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಮಹಿಳೆಯರ ಸಿಂಗಲ್ಸ್ ಚಿನ್ನ ಗೆದ್ದ ಮನಿಕಾ ಬಾತ್ರಾ ಅವರ ಬ್ಯಾಟಿನ ಒಂದು ಮಗ್ಗುಲಿನಲ್ಲಿದ್ದುದು ಅದೇ. ಹಾಸ್ಟೆಲಿನಲ್ಲಿ ನಕ್ಕವರೆಲ್ಲ ಅವರ ಆಟವನ್ನು ಟಿ.ವಿ.ಯಲ್ಲಿ ನೋಡಿ ಚಪ್ಪಾಳೆ ತಟ್ಟಿರಬೇಕು. ಆದರೆ ಉದ್ದ ಗುಳ್ಳೆಯನ್ನು ಆಳುವುದು ಹೊಸಬನ ಕೈಲಾಗದು. ನನಗೆ ಗಿಡ್ಡದ್ದು ಸಾಕು ಎಂದು ಅಂಗಡಿಯಾತರೇ ತೀರ್ಮಾನಿಸಿದರು. ಅದು ಬರುವ ಸ್ಪಿನ್ನಿಗೆ ಅಷ್ಟಾಗಿ ಮರುಳಾಗುವುದಿಲ್ಲ. ಬೇರೆಯವರ ತಂತ್ರಕ್ಕೆ ಬಗ್ಗದಿರುವಂಥದು ಏನಾದರೂ ಒಂದು ನನ್ನ ಕೈಯಲ್ಲಿರುವುದು ಅವಶ್ಯವೆಂದು ನನಗೂ ಅನ್ನಿಸಿತು.

ಅವರು ಬ್ಯಾಟನ್ನು ಕಟ್ಟುವುದನ್ನು ಕುಳಿತು ನೋಡಿದೆ. ಐದು ಪದರದ ಬರಿಯ ಮರ, ಕಾರ್ಬನ್ ಇಲ್ಲ. ತೂಕ ಎಂಬತ್ತೈದು ಗ್ರಾಮಿನ ಸುಮಾರು. ಹಿಡಿಯ ವಿಷಯಕ್ಕೆ ಸ್ವಲ್ಪ ವಾದವಾಯಿತು. ಕೆಳಗೆ ಅಗಲವಾಗುವ ಹಿಡಿ ಕೈ ಜಾರದೆಂದು ಅವರು. ನನ್ನ ಅಂಗೈ ನೇರವಾದ ಹಿಡಿಯನ್ನೇ ಕೇಳಿತು. ಅಂಗೈ ಯಾಕೆ ಹಾಗೆ ಕೇಳಿತೆಂದು ನಾನು ಅವರಿಗೆ ಹೇಳಲಿಲ್ಲ. ಮುಂಗೈ ಕಡೆಗೆ 1.8 ಮಿಲಿಮೀಟರು ಸ್ಪಂಜಿನ ನುಣುಪು ರಬ್ಬರು. ದಪ್ಪ ಹೆಚ್ಚಿದಂತೆ ವೇಗ ಹೆಚ್ಚುತ್ತದೆ, ಹತೋಟಿ ತಗ್ಗುತ್ತದೆ. ಇನ್ನೊಂದು ಕಡೆಗೆ ಗಿಡ್ಡ ಗುಳ್ಳೆ, ಅಡಿಯಲ್ಲಿ ತೆಳ್ಳನೆಯ ಸ್ಪಂಜು. ನೀರು ಬೆರೆಸಿದ ಗೋಂದು ಹಚ್ಚಿ, ಆರಲು ಬಿಟ್ಟು, ರಬ್ಬರನ್ನು ಕೆಳಗಿನಿಂದ ಮೇಲಕ್ಕೆ ಉರುಳಿಸಿ ಒತ್ತಿ, ಅಂಚನ್ನು ಕತ್ತರಿಸಿದರು. ಒಟ್ಟು ಬೆಲೆ ಕಾರ್ಬನ್ನಿನದಕ್ಕಿಂತ ಅರ್ಧಕ್ಕೂ ಕಡಮೆ. ನನ್ನಾಕೆಗೆ ಹೇಳಿದ್ದ ಬೆಲೆ ಈಗ ನಿಜಕ್ಕೆ ಹತ್ತಿರ ಬಂತು.

ಮರುದಿನ ಸಂಜೆ ಬ್ಯಾಂಕಿನ ತರುಣನ ಎದುರು ನಿಂತೆ. ಗೆದ್ದೆನೆಂದು ಹೇಳಿದರೆ ಓದುಗರಿಗೆ ಸಂತೋಷವಾಗಬಹುದು, ಸೋತೆ, 11-7. ಆದರೆ ಆರಂಭದಲ್ಲೇ, ಅವನು ಬಿರುಸಾಗಿ ಹೊಡೆದುದನ್ನು ನಾನು ಹಿಂದಕ್ಕೆ ಸರಿದು, ಯೋಚನೆ ಮಾಡುವ ಮೊದಲೇ, ಗುಳ್ಳೆಯ ಕಡೆಯಿಂದ ಎಳೆದೆ. ಟಕ್ ಎಂದಿತು. ಚೆಂಡು ತೇಲಿ ಹೋಗಿ ತಗ್ಗಿ ಅವನ ಬ್ಯಾಟಿನಿಂದ ಬಲೆಗೆ ಬಿತ್ತು. ಅವನು ತನ್ನ ಬ್ಯಾಟನ್ನು ಒಮ್ಮೆ ನೋಡಿಕೊಂಡ. ನಾನು ನನ್ನ ಕೈಯನ್ನು ನೋಡಿಕೊಂಡೆ. ಆ ಏಟು ನನ್ನದಾಗಿರಲಿಲ್ಲ. ಪಂಚೆ ಮೇಲೆ ಕಟ್ಟಿದ ಬರಿಗಾಲಿನ ಒಬ್ಬರದು.

ಆ ಭಾನುವಾರ ಗುಂಡ್ಲುಪೇಟೆಯ ಬಸ್ಸು ಹತ್ತಿದೆ. ಚಾಮರಾಜನಗರದಿಂದ ಸುಮಾರು 35 ಕಿಲೋಮೀಟರು. ಈ ದಾರಿಯಲ್ಲಿ ನಾನು ವರ್ಷಕ್ಕೆ ನಾಲ್ಕೈದು ಸಲ, ಮದುವೆಗೋ ತಿಥಿಗೋ ಹೋಗುತ್ತಲೇ ಇದ್ದೇನೆ. ಮೇಷ್ಟ್ರ ಬೀದಿಯೊಂದನ್ನು ಮಾತ್ರ ಸುತ್ತಿಕೊಂಡು ಹೋಗುತ್ತಿದ್ದೆ. ತೆರಕಣಾಂಬಿಯಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಅಲ್ಲಿಯ ಹಳೆಯ ದೇವಾಲಯಗಳ ಕುರಿತು ವಿದ್ಯಾರ್ಥಿಗಳಿಗೆ ಹೇಳುವಾಗ ನನಗೆ ಮಾತು ಎಷ್ಟು ಸಲೀಸಾಗಿ ಬರುತ್ತದೆ. ಈ ದಿನ ಒಂದು ವಾಕ್ಯವನ್ನು ಹೊಂದಿಸಲು ಆಗಲಿಲ್ಲ. ಹೊಲಗಳಲ್ಲಿ ಚೆಂಡುಹೂವು ಬಿಟ್ಟಿತ್ತು. ದೂರದಲ್ಲಿ ಗೋಪಾಲಸ್ವಾಮಿ ಬೆಟ್ಟಕ್ಕೆ ಮೋಡ ಮುಸುಕಿತ್ತು. ಏನು ಹೇಳಲಿ ಎಂಬುದನ್ನು ಮೂರು ವಿಧವಾಗಿ ರಚಿಸಿ ಮೂರನ್ನೂ ಅಳಿಸುವಷ್ಟರಲ್ಲಿ ಊರು ಬಂತು.

ಮೇಷ್ಟ್ರಿಗೆ ಈಗ ಎಪ್ಪತ್ತೈದು ದಾಟಿದೆ. ಒಂದು ಕಣ್ಣಿಗೆ ಶಸ್ತ್ರಚಿಕಿತ್ಸೆಯಾಗಿ ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕುಳಿತಿದ್ದರು. ಹೆಸರು ಹೇಳುವ ಮೊದಲೇ ದನಿಯಿಂದ ಗುರುತು ಹಿಡಿದರು. "ಬಾಪ್ಪ, ಕೂತ್ಕೊ. ದೊಡ್ಡ ಲೆಕ್ಚರರ್ ಆಗಿದೀಯಂತೆ. ಮಕ್ಕಳೆಷ್ಟು?" ಹೇಳಿದೆ. ಅವರ ಸೊಸೆ ಕಾಫಿ ತಂದರು; ಸಕ್ಕರೆ ಬೇಡವೆಂದು ಹೇಳುವ ಧೈರ್ಯವಾಗದೆ ಕುಡಿದೆ. ಲೋಟ ಕೆಳಗಿಟ್ಟು, ಮುನ್ನುಡಿಯಿಲ್ಲದೆ, "ಸಾರ್, ಆ ಬ್ಯಾಟು ನಂಜನಗೂಡಲ್ಲಿ ಕಳೆದದ್ದಲ್ಲ" ಎಂದೆ. ಹಾಸ್ಟೆಲು, ನಗೆ, ವರಾಂಡದ ಕ್ರಿಕೆಟ್ಟು, ಕಸದ ಡಬ್ಬ, ಎಲ್ಲವನ್ನೂ ಹೇಳಿದೆ.

ಮೇಷ್ಟ್ರು ಸ್ವಲ್ಪ ಹೊತ್ತು ಬೀದಿಯ ಕಡೆಗೇ ಮುಖ ಮಾಡಿಕೊಂಡಿದ್ದರು.

"ಹೌದಾ" ಎಂದರು. "ನಾನು ಎರಡು ಸಲ ನಂಜನಗೂಡಿಗೆ ಹೋಗಿದ್ನಲ್ಲಪ್ಪ."

ನಾನು ಮಾತಾಡಲಿಲ್ಲ.

"ಬಸ್ ಸ್ಟ್ಯಾಂಡಲ್ಲಿ ಕೇಳ್ದೆ. ಒಳಗೆ ಕರ್ಕಂಡೋಗಿ ತೋರ್ಸುದ್ರು ಪಾಪ. ಮೂರು ಛತ್ರಿ, ಒಂದು ಟಿಫನ್ ಕ್ಯಾರಿಯರ್ರು, ಯಾರ್ದೋ ಒಂದು ಊರುಗೋಲು. ಎರಡನೆ ಸಲ ಹೋದಾಗ ಛತ್ರೀನೂ ಇರ್ಲಿಲ್ಲ." ಅವರ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಉಪಕಾರವಾಗುತ್ತಿತ್ತು. "ಅದರ ರಬ್ಬರು ಆಗ್ಲೇ ಸತ್ತಿತ್ತು ಬಿಡು" ಎಂದರು, ಮತ್ತೆ ಸ್ವಲ್ಪ ಹೊತ್ತಿನ ಮೇಲೆ. ಆಮೇಲೆ ಕೈ ಚಾಚಿ, "ಚೀಲದಲ್ಲಿ ಏನದು? ಬ್ಯಾಟ್ ತಂದಿದೀಯಾ? ತೋರ್ಸು."

ಕೊಟ್ಟೆ. ಅವರು ಕನ್ನಡಕವನ್ನು ಹಣೆಗೇರಿಸಿ, ಒಳ್ಳೆಯ ಕಣ್ಣಿನ ಹತ್ತಿರ ಹಿಡಿದು ನೋಡಿದರು. ಮೂಸಿದರು. ಹಿಡಿಯನ್ನು ಹಿಡಿದು ತೂಗಿದರು. ನನ್ನ ಕೈಯಿಂದ ಚೆಂಡನ್ನು ತೆಗೆದುಕೊಂಡು ಗುಳ್ಳೆಯ ಮೇಲೆ ಪುಟಿಸಿ, ತಲೆ ಓರೆ ಮಾಡಿ ಕೇಳಿದರು. ಮತ್ತೆ ಪುಟಿಸಿದರು. ಈ ಪ್ಲಾಸ್ಟಿಕ್ ಚೆಂಡಿನ ಸದ್ದು ಒಡಕು ಮಡಕೆಯಂತಿದೆ ಎಂದರು. ಬೆರಳ ತುದಿಯನ್ನು ಬ್ಯಾಟಿನ ಅಂಚಿನ ಸುತ್ತ ಆಡಿಸುತ್ತ ಒಂದೆಡೆ ನಿಲ್ಲಿಸಿದರು.

"ಇಲ್ಲಿ ಎದ್ದದೆ ನೋಡು. ಗೋಂದು ಹತ್ತಿಲ್ಲ."

ನನ್ನ ಎರಡು ಕಣ್ಣಿಗೂ ಅದು ಅದುವರೆಗೆ ಕಂಡಿರಲಿಲ್ಲ. ಅವರು ಒಳಗೆ ಕೂಗಿ ಮೊಮ್ಮಗನನ್ನು ಕರೆದು, ಸೈಕಲ್ ಶಾಪಿಗೆ ಓಡಿ ಪಂಚರ್ ಹಾಕುವ ಸಲ್ಯೂಷನ್ ಒಂದು ಟ್ಯೂಬು ತರಲು ಹೇಳಿದರು. ಯೂರೋಪಿನ ದೊಡ್ಡ ಆಟಗಾರರೂ ಎಪ್ಪತ್ತರ ದಶಕದಲ್ಲಿ ಸೈಕಲ್ ಟ್ಯೂಬಿನ ಆ ಅಂಟಿನಿಂದಲೇ ಬ್ಯಾಟಿನ ವೇಗ ಹೆಚ್ಚಿಸುವುದನ್ನು ಕಂಡುಕೊಂಡರೆಂದು ನಾನು ಇತ್ತೀಚೆಗೆ ಓದಿದ್ದೆ. ಅಂಥ ಅಂಟನ್ನೆಲ್ಲ 2008ರಲ್ಲಿ ನಿಷೇಧಿಸಿದ್ದಾರೆ, ಅದರ ಆವಿ ಆರೋಗ್ಯಕ್ಕೆ ಒಳ್ಳೆಯದಲ್ಲವಂತೆ ಎಂದು ತಿಳಿಸಿದೆ.

"ನಾವೇನು ಒಲಿಂಪಿಕ್ಸಿಗೆ ಹೋಯ್ತಾ ಇದೀವಾ?" ಎಂದರು ಮೇಷ್ಟ್ರು.

ಹುಡುಗ ಟ್ಯೂಬು ತಂದ. ಅವರು ಬೆಂಕಿಕಡ್ಡಿಯ ತುದಿಯಿಂದ ರಬ್ಬರಿನ ಅಂಚನ್ನು ಎತ್ತಿ, ಅಂಟನ್ನು ಸವರಿ, ಊದಿ, ಒತ್ತಿದರು. ಬ್ಯಾಟನ್ನು ಒಂದು ಹಳೆಯ ಪಂಚಾಂಗದ ನಡುವೆ ಇಟ್ಟು, ಮೇಲೆ ಮಣೆ, ಮಣೆಯ ಮೇಲೆ ಒಳಕಲ್ಲಿನ ಗುಂಡನ್ನು ನನ್ನಿಂದಲೇ ಹೊರಿಸಿ ತರಿಸಿ ಇಡಿಸಿದರು. "ಒಂದು ಗಂಟೆ ಮುಟ್ಬ್ಯಾಡ" ಎಂದರು. ಐದೂವರೆಯ ಬಸ್ಸಿಗೆ ಹೋಗಬೇಕಿತ್ತು ಎಂದೆ. ಏಳಕ್ಕೊಂದಿದೆ ಎಂದರು.

ಇಬ್ಬರೂ ಜಗಲಿಯಲ್ಲಿ ಕುಳಿತೆವು. ಊಟಿಯ ಕಡೆಯ ಲಾರಿಗಳ ಸದ್ದು ಕೇಳುತ್ತಿತ್ತು. ಮೇಷ್ಟ್ರು ಚೆಂಡನ್ನು ಕೈಯಲ್ಲಿ ಉರುಳಿಸುತ್ತ, "ಈಗ ಹನ್ನೊಂದಕ್ಕೇ ಮುಗಿಸಿಬಿಡ್ತಾರಂತೆ, ಹೌದಾ?" ಎಂದು ಕೇಳಿದರು.

"ಹೌದು ಸಾರ್."

"ಅಷ್ಟು ಅವಸರ ಏನಂತೆ ಅವರಿಗೆ?" ಎಂದರು. ಸೊಸೆ ಇನ್ನೊಂದು ಸುತ್ತು ಕಾಫಿ ತಂದಿಟ್ಟರು.